ಕೊಯ್ದ ತರಕಾರಿ ಎಲ್ಲಿಂದ ಕೆಡುತ್ತಿದೆ? ಕರಾವಳಿ ಹಿತ್ತಲಿಗೊಂದು ದೋಷ ನಿವಾರಣೆ ಕೈಪಿಡಿ

ಅಟ್ಟದಲ್ಲಿ ಕಟ್ಟಿದ ಸೌತೆ ಮಳೆಗಾಲದ ಆಟಿ ತಿಂಗಳು ಬರುವ ಮೊದಲೇ ಸೋರಿ ನೆಲಕ್ಕೆ ಬಿದ್ದರೆ, ಫ್ರಿಜ್‌ನಲ್ಲಿಟ್ಟ ಗುಳ್ಳಕ್ಕೆ (ದುಂಡು ಬದನೆಗೆ) ಕುಳಿ ಬಿದ್ದರೆ, ಭರಣಿಯ ಹಲಸಿನ ಸೊಳೆ ಲೊಳೆಯಾದರೆ ಮಂಗಳೂರು, ಉಡುಪಿ ಕಡೆ ಎಲ್ಲರೂ ದೂರುವುದು ಮಳೆಯನ್ನು. ಮಳೆಯದ್ದೂ ಪಾಲಿದೆ, ಇಲ್ಲವೆಂದಲ್ಲ. ಆದರೆ ಹೆಚ್ಚಿನ ಸಲ ತಪ್ಪು ನಡೆದಿರುವುದು ಕೊಯ್ದ ದಿನ, ಬಳ್ಳಿಯ ಬುಡದಲ್ಲಿ. ಮಳೆ ಅದನ್ನು ಹೊರಗೆ ತೋರಿಸುತ್ತದೆ ಅಷ್ಟೇ.

ಕೆಟ್ಟ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯುವ ಮೊದಲು ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡಿ. ಕೊಳೆತ ಎಲ್ಲಿಂದ ಶುರುವಾಗಿದೆ: ತೊಟ್ಟಿನಿಂದಲೋ, ಹೂ ಉದುರಿದ ತುದಿಯಿಂದಲೋ, ನೆಲಕ್ಕೆ ತಾಗಿದ್ದ ಮಗ್ಗುಲಿನಿಂದಲೋ, ನಡುವಿನ ಯಾವುದೋ ಚುಕ್ಕೆಯಿಂದಲೋ? ಕೊಯ್ದು ಎಷ್ಟು ದಿನವಾಗಿದೆ? ಒಂದೇ ಕಾಯಿ ಕೆಟ್ಟಿದೆಯೋ, ಒಟ್ಟಿಗೆ ಇಟ್ಟದ್ದೆಲ್ಲವೂ ಕೆಟ್ಟಿದೆಯೋ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಕಾರಣ ಬಹುಪಾಲು ಸಿಕ್ಕಿದ ಹಾಗೆಯೇ. ಅದಕ್ಕಾಗಿ ಕೊಯ್ದ ತಾರೀಕನ್ನು ಕಾಗದದ ಟೇಪಿನ ತುಂಡಿನಲ್ಲಿ ಬರೆದು ತೊಟ್ಟಿಗೆ ಅಂಟಿಸುವುದು ಒಳ್ಳೆಯದು. ತಾರೀಕಿಲ್ಲದ ಕಾಯಿಯ ಮೇಲೆ ಊಹೆ ಮಾತ್ರ ಸಾಧ್ಯ.

ಹಿನ್ನೆಲೆಗೆ ಎರಡು ಮಾತು ಸಾಕು. ಕೊಯ್ದ ತರಕಾರಿಗೆ ಜೀವವಿರುತ್ತದೆ, ಅದು ಉಸಿರಾಡುತ್ತಲೇ ಇರುತ್ತದೆ. ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ, ಬಾಳಿಕೆ ಅಷ್ಟೇ ಕಡಿಮೆಯಾಗುತ್ತದೆ. ಮಧ್ಯಾಹ್ನ ಬಿಸಿಲಿಗೆ ಕಾದ ಬೆಂಡೆಯನ್ನು ಕೊಯ್ದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೆ ಬೆವರಿ ಅದು ಸಂಜೆಯೊಳಗೇ ಅರ್ಧ ಹಾಳು. ಎರಡನೆಯದು ತೇವ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ತೇವಾಂಶ ಹೆಚ್ಚಿನ ದಿನ ಶೇ. 85ರಿಂದ ಮೇಲೆಯೇ ಇರುತ್ತದೆ. ಮೈಸೂರಿನಲ್ಲಿ ತಾನಾಗಿ ಒಣಗುವ ಗಾಯ ಇಲ್ಲಿ ಒಣಗುವುದಿಲ್ಲ. ಹಾಗಾಗಿ ಇಲ್ಲಿ ಗಾಯವಾಗದಂತೆ ಕೊಯ್ಯುವುದೇ ಅರ್ಧ ಕೆಲಸ.

ಅಟ್ಟದ ಸೌತೆ ಮಳೆಗಾಲ ದಾಟುತ್ತಿಲ್ಲ

ಸಾಂಬಾರಿಗೆ ಹಾಕುವ ಮಂಗಳೂರು ಸೌತೆಯ ಮಾತಿದು, ಮುಳ್ಳುಸೌತೆಯದ್ದಲ್ಲ. ಬೇಸಗೆಯ ನಟ್ಟಿಯಲ್ಲಿ ಬೆಳೆದು ಏಪ್ರಿಲ್, ಮೇಯಲ್ಲಿ ಕೊಯ್ದ ಕಾಯಿ ಸರಿಯಾಗಿ ಬಲಿತಿದ್ದು ಸರಿಯಾಗಿ ಕಟ್ಟಿದ್ದರೆ ಚೌತಿಯವರೆಗೆ ಬರುವುದು ದೊಡ್ಡ ಸಂಗತಿಯೇನಲ್ಲ. ಬಾರದಿದ್ದರೆ ಹೀಗೆ ಹುಡುಕಿ.

ತೊಟ್ಟಿನ ಸುತ್ತ ಮೊದಲು ಮೆತ್ತಗಾಗಿದ್ದರೆ ಕೊಯ್ದ ರೀತಿ ತಪ್ಪು. ಕೈಯಲ್ಲಿ ತಿರುಚಿ ಎಳೆದರೆ ತೊಟ್ಟು ಬುಡದಿಂದ ಕಿತ್ತು ಬಂದು ಅಲ್ಲಿ ತೆರೆದ ಗಾಯ ಉಳಿಯುತ್ತದೆ. ಚೂರಿಯಿಂದ 3–4 ಸೆಂ.ಮೀ. ತೊಟ್ಟು ಬಿಟ್ಟು ಕತ್ತರಿಸಬೇಕು. ತೊಟ್ಟು ಹಿಡಿದು ಕಾಯಿ ಎತ್ತಬಾರದು, ಭಾರಕ್ಕೆ ಬುಡದಲ್ಲಿ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಅಡಿಗೆ ಕೈ ಕೊಟ್ಟೇ ಎತ್ತಿ.

ಒಂದು ಮಗ್ಗುಲು ಮಾತ್ರ ಕಂದಾಗಿ, ಒತ್ತಿದರೆ ತಗ್ಗುವಂತಿದ್ದರೆ ಅದು ನೆಲ ತಾಗಿದ್ದ ಭಾಗ. ಮಣ್ಣಿನ ಬೂಷ್ಟು ಬಳ್ಳಿಯಲ್ಲಿರುವಾಗಲೇ ಸಿಪ್ಪೆಗೆ ಹತ್ತಿಕೊಂಡಿರುತ್ತದೆ. ಅಟ್ಟದಲ್ಲಿ ಏನು ಮಾಡಿದರೂ ಅದನ್ನು ನಿಲ್ಲಿಸಲಾಗದು. ಪರಿಹಾರ ಮುಂದಿನ ಬೆಳೆಗೆ: ಕಾಯಿ ಮುಷ್ಟಿ ಗಾತ್ರಕ್ಕೆ ಬಂದಾಗ ಅಡಿಗೆ ತೆಂಗಿನ ಒಣ ಮಡಲಿನ ತುಂಡು ಅಥವಾ ಬೈಹುಲ್ಲು ಹಾಕಿ. ಬೆಳೆಯುತ್ತಿರುವ ಕಾಯಿಯನ್ನು ಪದೇಪದೇ ಹೊರಳಿಸಬೇಡಿ. ಹೊರಳಿಸಿದರೆ ಎಳೆ ಸಿಪ್ಪೆಗೆ ಬಿಸಿಲು ಹೊಡೆದು ಬಿಳಿ ಕಲೆ ಬೀಳುತ್ತದೆ, ಅದೂ ಕೊಳೆತದ ಬಾಗಿಲೇ. ಹತ್ತಿಯಂಥ ಬಿಳಿ ಬೂಷ್ಟು ದಟ್ಟವಾಗಿ ಬಂದು ಕಾಯಿ ಒಂದೆರಡು ದಿನದಲ್ಲೇ ನೀರಾಗಿದ್ದರೆ ಸಾಲಿನಲ್ಲಿ ನೀರು ನಿಂತಿತ್ತೆಂದು ತಿಳಿಯಿರಿ.

ಕೊಳೆಯದೆ ಸುಕ್ಕುಗಟ್ಟಿ ಹಗುರವಾಗಿದ್ದರೆ ಅದು ಬಲಿಯುವ ಮೊದಲೇ ಕೊಯ್ದ ಕಾಯಿ. ಗಾತ್ರ ನೋಡಿ ಕೊಯ್ಯುವವರಿಗೆಲ್ಲ ಆಗುವುದು ಇದೇ. ನೋಡಬೇಕಾದದ್ದು ಬೇರೆ: ಸಿಪ್ಪೆಯ ಹಸಿರು ಹೋಗಿ ಹಳದಿ ಏರಿರಬೇಕು, ಕಾಯಿಯ ಪಕ್ಕದ ಕುಡಿಬಳ್ಳಿ ಒಣಗಿರಬೇಕು, ತೊಟ್ಟು ಗಟ್ಟಿಯಾಗಿ ಕಂದು ತಿರುಗಿರಬೇಕು, ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳಬಾರದು. ನಾಲ್ಕರಲ್ಲಿ ಮೂರಾದರೂ ಇಲ್ಲದಿದ್ದರೆ ಆ ಕಾಯಿ ಸಾಂಬಾರಿಗೆ, ಅಟ್ಟಕ್ಕಲ್ಲ. ಕೆಲವೊಮ್ಮೆ ಎಲೆಗೆ ಬೂದಿರೋಗ ಬಂದು ಬಳ್ಳಿ ಬೇಗ ಸಾಯುತ್ತದೆ. ಆಗ ಕಾಯಿ ಹಳದಿಯಾದರೂ ಒಳಗೆ ಬಲಿತಿರುವುದಿಲ್ಲ. ಬಳ್ಳಿ ರೋಗದಿಂದ ಒಣಗಿದ ಸಾಲಿನ ಕಾಯಿಯನ್ನು ಬಣ್ಣ ನಂಬಿ ಕಟ್ಟಬೇಡಿ, ಉಗುರಿನ ಪರೀಕ್ಷೆಯನ್ನು ನಂಬಿ.

ಎಲ್ಲ ಕಾಯಿಯೂ ಒಟ್ಟಿಗೆ, ಜೂನ್ ಎರಡನೇ ವಾರದ ಹೊತ್ತಿಗೆ ಕೆಟ್ಟರೆ ಎರಡು ಸಾಧ್ಯತೆ. ಒಂದು, ಕೊಯ್ಯುವ ಹಿಂದಿನ ದಿನದವರೆಗೆ ನೀರು ಬಿಟ್ಟದ್ದು. ಕೊಯ್ಲಿಗೆ 8–10 ದಿನ ಮೊದಲೇ ನೀರು ನಿಲ್ಲಿಸಬೇಕು. ಇನ್ನೊಂದು, ಇಟ್ಟ ಜಾಗ. ಹಳೆಯ ಹೆಂಚಿನ ಮನೆಯಲ್ಲಿ ಪಕ್ಕಾಸಿಗೆ (ಮಾಡಿನ ಮರದ ಪಟ್ಟಿಗೆ) ಕಟ್ಟಿದ ಸೌತೆಗೆ ಒಲೆಯ ಹೊಗೆಯೂ ಬಿಸಿಯೂ ದಿನಾ ತಾಗುತ್ತಿತ್ತು, ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಕಾಂಕ್ರೀಟ್ ಮನೆಯ ಅಡುಗೆಕೋಣೆಯಲ್ಲಿ ಹೊಗೆಯಿಲ್ಲ, ಗಾಳಿಯಿಲ್ಲ, ಬದಲಿಗೆ ಕುಕ್ಕರಿನ ಹಬೆ ಇದೆ. ಹಿಂದಿನವರು ಕಟ್ಟಿದಲ್ಲೇ ಕಟ್ಟಿದ್ದೇವೆ ಎನ್ನುವವರು ಈ ವ್ಯತ್ಯಾಸ ಗಮನಿಸುವುದಿಲ್ಲ.

ಈಗಿನ ಮನೆಗೆ ಹೊಂದುವ ಕ್ರಮ ಹೀಗೆ:

1. ಎರಡು ಮೂರು ದಿನ ಮಳೆ ಬಾರದ ಹೊತ್ತು ನೋಡಿ, ಇಬ್ಬನಿ ಆರಿದ ಮೇಲೆ ಬೆಳಗ್ಗೆ ಕೊಯ್ಯಿರಿ. ಮೇ ಕೊನೆಯ ಹೊತ್ತಿನ ಪತ್ತನಾಜೆ ಕಳೆಯುವವರೆಗೆ ಕಾಯಬೇಡಿ, ಮುಂಗಾರಿಗೆ ಮೊದಲಿನ ಒಂದು ದೊಡ್ಡ ಮಳೆ ಸಾಕು ಇಡೀ ಸಾಲು ಕೆಡಿಸಲು.
2. ತೊಳೆಯಬೇಡಿ. ಮಣ್ಣಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ.
3. ನೆರಳಿನಲ್ಲಿ ಬೈಹುಲ್ಲಿನ ಮೇಲೆ ಒಂದೇ ಪದರವಾಗಿ 7–10 ದಿನ ಹರಡಿ. ತೊಟ್ಟಿನ ಗಾಯ ಒಣಗಿ ಮುಚ್ಚಿಕೊಳ್ಳಲು ಇಷ್ಟು ಸಮಯ ಬೇಕು. ಸಿಮೆಂಟು, ಗ್ರಾನೈಟ್ ನೆಲಕ್ಕೆ ನೇರ ಇಡಬಾರದು, ರಾತ್ರಿ ಅಡಿಯಲ್ಲಿ ಬೆವರುತ್ತದೆ.
4. ಉಗುರು ಗೀರಿದ್ದು, ಚುಕ್ಕೆ ಇದ್ದದ್ದು, ತೊಟ್ಟು ಹೋದದ್ದನ್ನು ಬೇರೆ ಮಾಡಿ ಮೊದಲ ತಿಂಗಳಲ್ಲೇ ಮುಗಿಸಿ.
5. ಉಳಿದದ್ದನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಎರಡು ಕಡೆ ಸುತ್ತು ಹಾಕಿ ಅಡ್ಡವಾಗಿ ತೂಗುಹಾಕಿ. ಒಂದಕ್ಕೊಂದು ತಾಗದಂತೆ ನಾಲ್ಕು ಬೆರಳು ಅಂತರವಿರಲಿ. ನೈಲಾನ್ ಹಗ್ಗ ಸಿಪ್ಪೆಗೆ ಕಚ್ಚುತ್ತದೆ. ನಾರು ಸಿಗದಿದ್ದರೆ ಹಳೆಯ ಬಟ್ಟೆಯ ಪಟ್ಟಿ ಆಗಬಹುದು.
6. ಅಡುಗೆಕೋಣೆ ಬಿಟ್ಟು ಎದುರುಬದುರು ಕಿಟಕಿ ಇರುವ ಕೋಣೆ ಆರಿಸಿ. ಚಾವಡಿಯಲ್ಲಾದರೆ ಇರಿಚಲು ತಾಗದ ಬದಿ. ತಾರಸಿಯ ಶೀಟಿನ ಅಡಿ ಮೇ ತಿಂಗಳಲ್ಲಿ ವಿಪರೀತ ಬಿಸಿ, ಅಲ್ಲಿಗೆ ಮಳೆ ಹಿಡಿದ ಮೇಲೆ ಬೇಕಾದರೆ ಸಾಗಿಸಿ.
7. ವಾರಕ್ಕೊಮ್ಮೆ ಪ್ರತಿ ಕಾಯಿಯ ತೊಟ್ಟಿನ ಬುಡವನ್ನು ಬೆರಳಿನಲ್ಲಿ ಒತ್ತಿ ನೋಡಿ. ಮೆತ್ತಗಾದದ್ದು ಅದೇ ದಿನ ಇಳಿಯಬೇಕು. ಒಂದು ಸೋರಿದರೆ ಅಡಿಯಲ್ಲಿರುವುದಕ್ಕೂ ಹತ್ತುತ್ತದೆ.

ಹೊರಗೆ ಚೆಂದವಿದ್ದು ಕತ್ತರಿಸಿದಾಗ ಹುಳಿ ವಾಸನೆ ಬಂದರೆ, ಬೀಜದ ಸುತ್ತಿನ ನೀರು ನೊರೆಯಾಗಿದ್ದರೆ ಒಳಗೆ ಹುದುಗು ಬಂದಿದೆ ಎಂದರ್ಥ. ಬೀಜ ತೆಗೆದು ಉಳಿದ ಭಾಗ ಹುಳಿಗೆ ಹಾಕುವ ಲೆಕ್ಕಾಚಾರ ಬೇಡ, ಪೂರಾ ಎಸೆಯಿರಿ.

ಚೀನಿಕಾಯಿಗೂ (ಸಿಹಿಗುಂಬಳಕ್ಕೂ) ಬೂದುಕುಂಬಳಕ್ಕೂ ಇದೇ ನಿಯಮ. ತೊಟ್ಟು ಮಾತ್ರ ಇನ್ನೂ ಉದ್ದ, 5 ಸೆಂ.ಮೀ. ಇರಲಿ. ಬೂದುಕುಂಬಳದ ಬೂದಿಯನ್ನು ಉಜ್ಜಿ ಹೊಳಪು ಮಾಡುವವರಿದ್ದಾರೆ. ಅದು ಧೂಳಲ್ಲ, ಕಾಯಿ ತನ್ನ ನೀರು ಆರದಂತೆ ಕಟ್ಟಿಕೊಂಡ ಮೇಣ. ಅದು ಉಳಿದರೆ ಕುಂಬಳ ಇಲ್ಲಿಯ ಹವೆಯಲ್ಲೂ ತಿಂಗಳುಗಟ್ಟಲೆ ಬಾಳುತ್ತದೆ.

ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಚುಕ್ಕೆ, ಒಳಗೆ ಹುಳು

ಹೀರೆ, ಹಾಗಲ, ಪಡುವಲ, ಸೌತೆ ಎಲ್ಲಕ್ಕೂ ಇರುವ ಕಾಟ: ಹಣ್ಣುನೊಣ. ಹೆಣ್ಣು ನೊಣ ಎಳೆಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚಿ ಹೋಗುತ್ತದೆ. ಚುಚ್ಚಿದಲ್ಲಿ ಅಂಟಿನ ಹನಿ ಒಸರಿ ಗಟ್ಟಿಯಾಗಿರುತ್ತದೆ, ಕಾಯಿ ಆ ಬದಿಗೆ ಡೊಂಕಾಗುತ್ತದೆ. ಬುಟ್ಟಿಗೆ ಬರುವಾಗ ಏನೂ ಕಾಣದಿದ್ದ ಕಾಯಿ ಎರಡು ದಿನ ಬಿಟ್ಟು ಒಳಗಿಂದ ಕೊಳೆತರೆ ಅದು ದಾಸ್ತಾನಿನ ದೋಷವಲ್ಲ, ಮೊಟ್ಟೆ ಮೊದಲೇ ಒಳಗಿತ್ತು.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಮಾವಿಗೆ ತಂದ, ವಾಸನೆಯಿಂದ ನೊಣ ಸೆಳೆಯುವ ಮಿಥೈಲ್ ಯುಜಿನಾಲ್ ಬಲೆಯನ್ನೇ ತರಕಾರಿ ಚಪ್ಪರಕ್ಕೂ ನೇತುಹಾಕಿ, ಬಲೆ ತುಂಬ ನೊಣ ಬಿದ್ದಿದೆ ಆದರೂ ಹೀರೆ ಹಾಳಾಗುತ್ತಿದೆ ಎನ್ನುತ್ತಾರೆ. ಮಾವಿನ ನೊಣ ಬೇರೆ, ಬಳ್ಳಿ ತರಕಾರಿಯ ನೊಣ ಬೇರೆ. ಬಳ್ಳಿ ತರಕಾರಿಗೆ ಬೇಕಾದದ್ದು ಕ್ಯೂ ಲ್ಯೂರ್ ಎಂಬ ಇನ್ನೊಂದು ವಾಸನೆಯ ಬಲೆ. ಕೇಳುವಾಗ ಹೆಸರು ಹೇಳಿಯೇ ಕೇಳಿ. ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿ ಸಿಗುತ್ತದೆಂದು ತಿಳಿಯುತ್ತದೆ. ಹತ್ತು ಸೆಂಟ್ಸಿನ ಹಿತ್ತಲಿಗೆ ಒಂದೆರಡು ಸಾಕು, ಹೂ ಬಿಡಲು ಶುರುವಾಗುವಾಗಲೇ ಕಟ್ಟಬೇಕು. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡರೆ ಸಾಲದು.

ಕಾಯಿ ಬೆರಳುದ್ದ ಇರುವಾಗಲೇ ಕಾಗದದ ಕೊಟ್ಟೆ ತೊಡಿಸುವುದು ಮನೆಮಟ್ಟಿಗೆ ಅತ್ಯಂತ ನಂಬಿಕಸ್ಥ ಉಪಾಯ. ಮಳೆಗಾಲದಲ್ಲಿ ಪತ್ರಿಕೆಯ ಕಾಗದ ಎರಡು ದಿನಕ್ಕೆ ಹರಿಯುತ್ತದೆ, ಹಳೆಯ ಪಂಚೆಯ ಬಟ್ಟೆ ಒಳ್ಳೆಯದು. ಪಡುವಲಕ್ಕೆ ಉದ್ದನೆಯ ತೋಳಿನ ಹಾಗೆ ಹೊಲಿದು ಅಡಿ ಬಿಚ್ಚಿಯೇ ಬಿಡಿ. ಪ್ಲಾಸ್ಟಿಕ್ ಬೇಡ, ಒಳಗೆ ನೀರು ಕಟ್ಟಿ ಕಾಯಿ ಬೇಯುತ್ತದೆ. ಹುಳು ಬಿದ್ದ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏರುತ್ತದೆ. ಗೊಬ್ಬರದ ಗುಂಡಿಗೆ ಹಾಕಿದರೂ ಅದೇ ಕಥೆ. ಒಂದೂವರೆ ಎರಡು ಅಡಿ ಆಳಕ್ಕೆ ಹೂಳಿ, ಇಲ್ಲವೇ ಗಟ್ಟಿ ಚೀಲದಲ್ಲಿ ಬಿಗಿದು ಬಿಸಿಲಿಗೆ ವಾರವಿಡೀ ಬಿಡಿ.

ನಾರಾದ ಬೆಂಡೆ, ಉಬ್ಬಿದ ಅಲಸಂಡೆ

ಇವು ಬಲಿಯಲು ಬಿಡಬಾರದವು. ಬೆಂಡೆ ಹೂ ಅರಳಿದ ಐದಾರನೇ ದಿನಕ್ಕೆ ಕೊಯ್ಲಿಗೆ ಬರುತ್ತದೆ, ಮಳೆಗಾಲದ ಹದಕ್ಕೆ ಒಂದು ದಿನದಲ್ಲಿ ಬೆರಳ ಗಂಟಿನಷ್ಟು ಬೆಳೆಯುತ್ತದೆ. ಆದಿತ್ಯವಾರ ಮಾತ್ರ ಹಿತ್ತಲಿಗೆ ಇಳಿಯುವವರ ಬೆಂಡೆ ನಾರಾಗುವುದರಲ್ಲಿ ಆಶ್ಚರ್ಯವೇನಿದೆ? ದಿನ ಬಿಟ್ಟು ದಿನ ಕೊಯ್ಯಲೇಬೇಕು. ತುದಿ ಬಗ್ಗಿಸಿದರೆ ಪಟ್ಟೆಂದು ಮುರಿಯಬೇಕು. ಬಾಗಿದರೆ ಹೊತ್ತು ಮೀರಿದೆ. ಉದ್ದ ನೋಡಿ ತೀರ್ಮಾನಿಸಬೇಡಿ: ಊರಿನ ದಪ್ಪ ಬಿಳಿಬೆಂಡೆ ಗೇಣುದ್ದವಾದರೂ ಎಳತಾಗಿರಬಹುದು, ಅಂಗಡಿ ಬೀಜದ ಹಸಿರು ಬೆಂಡೆ ಅದರ ಅರ್ಧಕ್ಕೇ ನಾರಾಗಿರಬಹುದು.

ಅಲಸಂಡೆಯಲ್ಲಿ ಬೀಜದ ಉಬ್ಬು ಹೊರಗೆ ಎದ್ದು ಕಾಣುವ ಮೊದಲೇ, ಹೂವಿನ ನಂತರ 10–12 ದಿನದೊಳಗೆ ಕೊಯ್ಯಬೇಕು. ಗೊಂಚಲಿನ ತೊಟ್ಟು ಮುರಿಯಬೇಡಿ, ಅದೇ ತೊಟ್ಟಿನಲ್ಲಿ ಇನ್ನೊಂದು ಜೋಡಿ ಹೂ ಬರುತ್ತದೆ. ಕಾಯಿಯ ಬುಡವನ್ನಷ್ಟೇ ತಿರುವಿ ತೆಗೆಯಿರಿ. ಗಿಡದಲ್ಲಿ ನಾಲ್ಕಾರು ಬಲಿತ ಕಾಯಿ ಉಳಿದರೆ ಹೊಸ ಹೂವೇ ಕಡಿಮೆಯಾಗುತ್ತದೆ. ಗಿಡಕ್ಕೆ ಬೀಜ ಸಿಕ್ಕಿತು, ಅದರ ಕೆಲಸ ಮುಗಿಯಿತು. ಫಸಲು ನಿಂತಿತೆಂದು ಗೊಬ್ಬರ ಸುರಿಯುವ ಮೊದಲು ಎಲೆಮರೆಯಲ್ಲಿ ಬಲಿತ ಕಾಯಿ ಅಡಗಿದೆಯೇ ಹುಡುಕಿ. ಬೀಜಕ್ಕೆ ಬೇಕಾದರೆ ಗಿಡದಲ್ಲಿ ಎರಡನ್ನು ಗುರುತು ಕಟ್ಟಿ ಬಿಟ್ಟು ಉಳಿದದ್ದನ್ನು ಕಿತ್ತುಬಿಡಿ.

ಹೀರೆಗೆ ಏಣಿನ ನಡುವೆ ಉಗುರು ಸುಲಭಕ್ಕೆ ಇಳಿಯಬೇಕು. ತೊಂಡೆ ಒಳಗೆ ಕೆಂಪಗಿದ್ದರೆ ಎರಡು ದಿನ ತಡವಾಗಿದೆ, ಅಷ್ಟೇ. ಪಲ್ಯಕ್ಕೆ ಹುಳಿಯಾದೀತು, ಬೇರೆ ದೋಷವಿಲ್ಲ.

ಫ್ರಿಜ್‌ನಲ್ಲಿಟ್ಟದ್ದೇ ಬೇಗ ಕೆಟ್ಟಿತು

ಇದು ಹೆಚ್ಚಿನವರು ನಂಬದ ದೋಷ. ನಮ್ಮ ಹಿತ್ತಲಿನ ತರಕಾರಿಗಳಲ್ಲಿ ಹೆಚ್ಚಿನವು ಸೆಕೆಯ ನಾಡಿನವು. ಮನೆಯ ಫ್ರಿಜ್ 3ರಿಂದ 5 ಡಿಗ್ರಿಯಲ್ಲಿ ಓಡುತ್ತದೆ. ಬದನೆ, ಹಾಗಲ, ಮುಳ್ಳುಸೌತೆಗೆ 10 ಡಿಗ್ರಿಗಿಂತ ಕೆಳಗೆ, ಬೆಂಡೆಗೆ 7 ಡಿಗ್ರಿಗಿಂತ ಕೆಳಗೆ ಒಳಗಿನ ಜೀವಕೋಶಗಳಿಗೇ ಪೆಟ್ಟು ಬೀಳುತ್ತದೆ. ಆ ಪೆಟ್ಟು ಫ್ರಿಜ್‌ನೊಳಗೆ ಕಾಣಿಸದಿರಬಹುದು. ಹೊರಗೆ ತೆಗೆದು ಅರ್ಧ ದಿನವಾಗುವಾಗ ಕುಳಿ, ನೀರು ಕುಡಿದಂಥ ಕಲೆ, ಕಪ್ಪು ಬೀಜ ಎಲ್ಲ ಒಟ್ಟಿಗೆ ಕಾಣುತ್ತವೆ.

ಗುಳ್ಳದಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳವಿರಲಿ, ಮನೆಯಂಗಳದ ಬೇರೆ ಹಸಿರು ಗುಳ್ಳವಿರಲಿ, ಸಿಪ್ಪೆ ತೆಳು. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಕಳೆದರೆ ಮೈಮೇಲೆ ತಗ್ಗು ಬಿದ್ದು, ಕತ್ತರಿಸಿದರೆ ಬೀಜ ಕಂದಾಗಿರುತ್ತದೆ. ಹೊರಗೆ, ನೆರಳಿನಲ್ಲಿ, ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಇಟ್ಟು ಎರಡು ಮೂರು ದಿನದಲ್ಲಿ ಮುಗಿಸುವುದೇ ಸರಿ. ಅದಕ್ಕಿಂತ ಹೆಚ್ಚು ದಿನ ಬೇಕಿದ್ದರೆ ಗಿಡದಲ್ಲೇ ಬಿಡಿ, ಆದರೆ ಹೊಳಪು ಮಾಸುವವರೆಗೆ ಬಿಡಬೇಡಿ. ಬೀಜ ಕಂದಾಗಿರುವುದಕ್ಕೆ ಬಲಿತದ್ದೂ ಕಾರಣವಿರಬಹುದು. ಹೇಗೆ ಬೇರೆ ಮಾಡಿ ತಿಳಿಯುವುದು? ಬಲಿತದ್ದಾದರೆ ಬೀಜ ಗಟ್ಟಿ, ಸಿಪ್ಪೆ ಮಂಕು, ಹೆಬ್ಬೆರಳು ಒತ್ತಿದರೆ ಬಿದ್ದ ತಗ್ಗು ಮತ್ತೆ ಏಳುವುದಿಲ್ಲ. ತಣ್ಣನೆಯ ಪೆಟ್ಟಾದರೆ ಬೀಜ ಎಳತಾಗಿಯೇ ಕಂದಾಗಿರುತ್ತದೆ, ಸಿಪ್ಪೆಯಲ್ಲಿ ಕುಳಿ ಇರುತ್ತದೆ.

ಬೆಂಡೆಯನ್ನು ಇಡಲೇಬೇಕಾದರೆ ಒದ್ದೆಯಿಲ್ಲದೆ ಒರೆಸಿ, ಬಟ್ಟೆಯ ಚೀಲದಲ್ಲಿ ತರಕಾರಿ ಡ್ರಾಯರಿಗೆ ಹಾಕಿ. ಡ್ರಾಯರು ಉಳಿದ ಜಾಗಕ್ಕಿಂತ ಸ್ವಲ್ಪ ಬೆಚ್ಚಗಿರುತ್ತದೆ. ಮೂರು ದಿನ ಬಂದರೆ ಲಾಭ. ಏಣು ಮಾತ್ರ ಕಪ್ಪಾಗಿದ್ದರೆ ಅದು ಚಳಿಯಲ್ಲ, ಬುಟ್ಟಿಯಲ್ಲಿ ಉಜ್ಜಿಕೊಂಡ ಗಾಯ. ಬಸಳೆಯ ಎಲೆ ಹಿಂಬದಿಯ ತಣ್ಣನೆಯ ಗೋಡೆಗೆ ತಾಗಿದರೆ ಕಪ್ಪಾಗಿ ಲೋಳೆಯಾಗುತ್ತದೆ. ಬಸಳೆಯನ್ನು ದಂಟು ಸಮೇತ ಹೊರಗೆ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಅದಕ್ಕಿಂತ ಚೆನ್ನಾಗಿರುತ್ತದೆ. ಹಸಿರು ಟೊಮೆಟೊ ಫ್ರಿಜ್ ಸೇರಿದರೆ ಮತ್ತೆ ಸರಿಯಾಗಿ ಹಣ್ಣಾಗುವುದಿಲ್ಲ. ಇನ್ನು ಮಳೆಗಾಲದ ಕರೆಂಟು: ಗಂಟೆಗಟ್ಟಲೆ ಹೋಗಿ ಬಂದರೆ ಫ್ರಿಜ್‌ನೊಳಗೆಲ್ಲ ಬೆವರು ಹನಿ. ಅಂಥ ದಿನ ಡ್ರಾಯರು ಎಳೆದು ತಳದ ನೀರು ಒರೆಸಿ, ಒಣ ಕಾಗದ ಹಾಸಿ.

ಫ್ರಿಜ್ ನಿಜವಾಗಿ ಒಪ್ಪುವುದು ಹರಿವೆ, ಮೂಲಂಗಿ, ಕೊತ್ತಂಬರಿ, ಹಸಿಮೆಣಸಿಗೆ. ಮೆಣಸಿನ ಕೊಳೆತ ಹೆಚ್ಚಾಗಿ ತೊಟ್ಟಿನಿಂದ ಶುರು. ಮನೆಬಳಕೆಗೆ ತೊಟ್ಟು ತೆಗೆದು, ಪೂರ್ತಿ ಒಣಗಿಸಿ, ಕಾಗದ ಹಾಸಿದ ಡಬ್ಬಿಯಲ್ಲಿ ಇಡಿ.

ಕೊಯ್ದ ಮರುದಿನವೇ ಹಾಗಲ ಹಳದಿ

ಹತ್ತಿರದಲ್ಲಿ ಬಾಳೆಗೊನೆ ನೇತಾಡುತ್ತಿದೆಯೇ ನೋಡಿ. ಹಣ್ಣಾಗುವ ಬಾಳೆ, ಮಾವು, ಪಪ್ಪಾಯಿ, ಹಲಸು ಎಥಿಲೀನ್ ಅನಿಲ ಬಿಡುತ್ತವೆ. ಅದು ತಾಗಿದರೆ ಹಾಗಲ, ಮುಳ್ಳುಸೌತೆ ಬೇಗ ಹಳದಿಯಾಗುತ್ತವೆ, ಸೊಪ್ಪಿನ ಎಲೆ ಉದುರುತ್ತದೆ. ಮೇ ತಿಂಗಳಲ್ಲಿ ಮಾವು, ಹಲಸು, ಬಾಳೆ, ತರಕಾರಿ ಎಲ್ಲವೂ ಒಂದೇ ಉಗ್ರಾಣದಲ್ಲಿ ರಾಶಿ ಬೀಳುವ ಮನೆಗಳಲ್ಲಿ ಇದು ಖಂಡಿತ. ಬೇರೆ ಕೋಣೆಯೇ ಬೇಕು, ಮೂಲೆ ಬದಲಿಸಿದರೆ ಸಾಲದು. ಹಣ್ಣು ಹತ್ತಿರ ಇಲ್ಲದೆಯೂ ಹಳದಿಯಾದರೆ ಕಾಯಿ ಬಳ್ಳಿಯಲ್ಲೇ ತಡವಾಗಿದೆ. ಬೀಜ ಬಿಳಿಯಾಗಿದ್ದು ಮೆತ್ತಗಿರುವಾಗಲೇ ಕೊಯ್ಯಬೇಕಿತ್ತು.

ಕಹಿಯಾದ ಸೋರೆ, ಕಹಿಯಾದ ಮುಳ್ಳುಸೌತೆ

ಇಲ್ಲಿ ಮಾತ್ರ ಯಾವ ಪ್ರಯೋಗವೂ ಬೇಡ. ಸೋರೆ, ಸೌತೆ ಕುಲದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಇರುತ್ತದೆ. ನೀರಿನ ಏರುಪೇರಿನಿಂದಲೂ ಬೀಜದ ಗುಣದಿಂದಲೂ ಅದು ಹೆಚ್ಚಬಹುದು. ಮುಳ್ಳುಸೌತೆಯ ತೊಟ್ಟಿನ ಕಡೆ ಒಂದಿಷ್ಟು ಕಹಿ ಇದ್ದರೆ ಅಷ್ಟನ್ನು ಕತ್ತರಿಸಿದರೆ ಆಯಿತು. ಸೋರೆಕಾಯಿ ಕಹಿಯಿದ್ದರೆ ಪೂರಾ ಎಸೆಯಬೇಕು. ಬೇಯಿಸಿದರೆ ಹೋಗುವುದಿಲ್ಲ, ಉಪ್ಪು ಹಚ್ಚಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಕತ್ತರಿಸಿದ ಕೂಡಲೇ ಚಿಕ್ಕ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಾದರೆ ಉಗಿದುಬಿಡಿ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ. ಆ ಬಳ್ಳಿಯ ಬೀಜ ಇಡಬೇಡಿ.

ಹರಿವೆ ಬಾಡಿತು, ಇಲ್ಲವೇ ಕೊಳೆಯಿತು

ಬಾಡಿದರೆ ಕೊಯ್ದ ಹೊತ್ತು ತಪ್ಪು, ಕೊಳೆತರೆ ಕಟ್ಟಿದ ರೀತಿ ತಪ್ಪು. ಬೆಳಗ್ಗೆ ಎಂಟರ ಮೊದಲು ಕೊಯ್ದ ಹರಿವೆಯ ಎಲೆಯಲ್ಲಿ ನೀರು ತುಂಬಿರುತ್ತದೆ. ಬಾಡಿದ್ದನ್ನು ಬೇರಿನ ಕಡೆ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಎದ್ದೀತು. ಕೊಳೆಯುವುದು ತೊಳೆದು ಹಾಗೆಯೇ ಬಿಗಿಯಾಗಿ ಕಟ್ಟಿದ ಕಟ್ಟು. ಮಳೆಯಲ್ಲೇ ಕೊಯ್ಯಬೇಕಾಗಿ ಬಂದರೆ ಕಟ್ಟು ಬಿಚ್ಚಿ, ಗೋಣಿಯ ಮೇಲೆ ಹರಡಿ, ಫ್ಯಾನಿನಡಿ ನೀರು ಆರುವವರೆಗೆ ಬಿಟ್ಟು ಮತ್ತೆ ಬಟ್ಟೆಯಲ್ಲಿ ಸುತ್ತಿ.

ಇದೇ ಸಂದರ್ಭದಲ್ಲಿ ಒಂದು ಮಾತು. ಮಣ್ಣಿನ ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬುವ ತಂಪುಪೆಟ್ಟಿಗೆಯ ವಿಡಿಯೊ ನೋಡಿ ಹಲವರು ಮಾಡುತ್ತಾರೆ. ಅದು ತಂಪಾಗುವುದು ನೀರು ಆವಿಯಾದಾಗ. ಬಯಲುಸೀಮೆಯ ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಬೇಸಗೆಯಲ್ಲೂ ಕೆಲವೇ ಡಿಗ್ರಿ ಇಳಿದೀತು. ಮಳೆಗಾಲದಲ್ಲಿ ನೀರು ಆವಿಯೇ ಆಗದೆ ಬೂಷ್ಟಿನ ಗೂಡಾಗುತ್ತದೆ. ಉಡುಪಿಗೆ ಇದು ಹೇಳಿದ ಸಾಧನವಲ್ಲ.

ಗೆಡ್ಡೆಗಳು

ಮರಗೆಣಸಿನ ತಿರುಳಲ್ಲಿ ನೀಲಿ ಕಪ್ಪು ಗೆರೆ ಬಂದರೆ ರೋಗವೆಂದು ಹೆದರುತ್ತಾರೆ. ಅದು ಕಿತ್ತ ಗಾಯದಿಂದ ಗಾಳಿ ತಾಗಿ ಆಗುವ ಬದಲಾವಣೆ, ಎರಡು ಮೂರು ದಿನದಲ್ಲೇ ಶುರು. ಹಾಗಾಗಿ ಮರಗೆಣಸಿಗೆ ಒಳ್ಳೆಯ ಉಗ್ರಾಣ ಮಣ್ಣೇ. ಬೇಕಾದ ದಿನ, ಬೇಕಾದಷ್ಟೇ ಕೀಳಿ. ಒಂದು ಗಿಡ ಪೂರ್ತಿ ಎದ್ದು ಬಂದರೆ ಉಳಿದದ್ದನ್ನು ಬುಡದ ತುಂಡು ಸಮೇತ ಸ್ವಲ್ಪ ಒದ್ದೆಯ ಮರಳಿನಲ್ಲಿ ಹೂತಿಡಿ, ಇಲ್ಲವೇ ಸಿಪ್ಪೆ ತೆಗೆದು ತುಂಡು ಮಾಡಿ ಫ್ರೀಜರಿಗೆ ಹಾಕಿ. ಆದರೆ ನೀರು ನಿಲ್ಲುವ ಜಾಗದಲ್ಲಿ ಮಳೆಗಾಲಕ್ಕೆ ಬಿಟ್ಟರೆ ಮಣ್ಣಲ್ಲೇ ಕೊಳೆಯುತ್ತದೆ, ಅಂಥ ಕಡೆ ಮೇ ತಿಂಗಳೊಳಗೆ ಮುಗಿಸಬೇಕು. ಬೇಯಿಸುವಾಗ ಪಾತ್ರೆ ತೆರೆದಿಟ್ಟು ಬೇಯಿಸಿ ನೀರು ಚೆಲ್ಲಿ.

ಸುವರ್ಣಗೆಡ್ಡೆ ಇದಕ್ಕೆ ಉಲ್ಟಾ, ಚೆನ್ನಾಗಿ ಬಾಳುವ ಗೆಡ್ಡೆ. ಎಲೆ ಹಳದಿಯಾಗಿ ದಂಟು ತಾನಾಗಿ ಮಲಗಿದ ಮೇಲೆ ಅಗೆಯಿರಿ. ಕೊಳೆತ ಬಂದರೆ ಹೆಚ್ಚಾಗಿ ಹಾರೆ, ಪಿಕ್ಕಾಸು ತಾಗಿದ ಕಡೆಯಿಂದ. ಒಂದಡಿ ದೂರದಿಂದ ಅಗೆದು ಬನ್ನಿ, ಗಾಯವಾದದ್ದಕ್ಕೆ ಒಲೆಬೂದಿ ಸವರಿ ಬೇರೆ ಇಡಿ, ಮೊದಲು ಅದನ್ನೇ ಅಡುಗೆಗೆ ಬಳಸಿ. ಗೆಣಸನ್ನು ಫ್ರಿಜ್‌ಗೆ ಹಾಕಬೇಡಿ, ನಡು ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಬೇಯುವುದಿಲ್ಲ.

ಭರಣಿಯ ಸೊಳೆ ಮೆತ್ತಗಾಯಿತು, ಬಾಳಕಕ್ಕೆ ಬೂಷ್ಟು ಬಂತು

ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಲೊಳೆಯಾದರೆ ಮೊದಲು ಕೇಳಬೇಕಾದದ್ದು ಹಲಸಿನ ಹದ. ಬೆಳೆದಿರಬೇಕು, ಹಣ್ಣಿನ ಕಡೆ ತಿರುಗಿರಬಾರದು. ಒಂದು ಸೊಳೆ ಸಿಹಿ ತಾಗಿದರೂ ಆ ಹಲಸನ್ನು ಹಪ್ಪಳಕ್ಕೋ ಕಡುಬಿಗೋ ಬಿಡಿ. ಎರಡನೆಯದು ಉಪ್ಪು. ಐದು ಕೆ.ಜಿ. ಸೊಳೆಗೆ ಒಂದು ಕೆ.ಜಿ. ಕಲ್ಲುಪ್ಪು, ಇದಕ್ಕಿಂತ ಕಡಿಮೆ ಮಾಡಿದರೆ ಮಳೆಗಾಲ ಪೂರ್ತಿ ಹೊರಗೆ ನಿಲ್ಲುವುದಿಲ್ಲ. ಆರೋಗ್ಯದ ನೆಪದಲ್ಲಿ ಉಪ್ಪು ಇಳಿಸುವವರು ಭರಣಿಯಲ್ಲಿ ಇಳಿಸಬಾರದು, ಅಡುಗೆಗೆ ತೆಗೆದಾಗ ರಾತ್ರಿ ನೀರಲ್ಲಿ ನೆನೆಹಾಕಿ ಇಳಿಸಬೇಕು. ಮೂರನೆಯದು ತೇಲುವುದು. ಉಪ್ಪುನೀರಿನಿಂದ ಮೇಲೆ ಬಂದ ಸೊಳೆಗೆ ಗಾಳಿ ತಾಗಿ ಅಲ್ಲಿಂದಲೇ ಕೆಡುತ್ತದೆ. ಬಾಡಿಸಿದ ಬಾಳೆಎಲೆ ಮುಚ್ಚಿ, ಮೇಲೆ ತೊಳೆದು ಒಣಗಿಸಿದ ಭಾರದ ಕಲ್ಲು ಇಡಿ. ವಾರದೊಳಗೆ ನೀರು ಬಿಟ್ಟು ಮುಳುಗದಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಲೀಟರಿಗೆ 250 ಗ್ರಾಂ ಉಪ್ಪು ಕರಗಿಸಿ ಹೊಯ್ಯಿರಿ.

ಮೇಲ್ಮೈಯಲ್ಲಿ ತೆಳುವಾದ ಬಿಳಿ ಪೊರೆ ಮಾತ್ರ ಇದ್ದರೆ, ಕೆಳಗಿನ ಸೊಳೆ ಗಟ್ಟಿಯಿದ್ದು ವಾಸನೆ ಬರಿಯ ಹುಳಿಯಿದ್ದರೆ ಪೊರೆ ತೆಗೆದು, ಎಲೆ ಬದಲಿಸಿ, ಮೇಲೊಂದು ಹಿಡಿ ಉಪ್ಪು ಹಾಕಬಹುದು. ಕಪ್ಪು, ಹಸಿರು, ಗುಲಾಬಿ ಬಣ್ಣದ ರೋಮದಂಥ ಬೂಷ್ಟು, ಕೊಳೆತ ವಾಸನೆ ಇದ್ದರೆ ಭರಣಿ ಪೂರ್ತಿ ಚೆಲ್ಲಬೇಕು. ಒದ್ದೆ ಕೈ, ಒದ್ದೆ ಸೌಟು ಹಾಕಿದ ಭರಣಿಗೇ ಈ ಗತಿ ಬರುವುದು.

ಬಾಳಕದ ಮೆಣಸು, ಹಾಗಲದ ಬಾಳಕ, ಸಂಡಿಗೆ ಇವೆಲ್ಲ ಏಪ್ರಿಲ್‌ನ ಬಿಸಿಲಿನ ಕೆಲಸ. ಮೇ ಕೊನೆಗೆ ಶುರು ಮಾಡಿದರೆ ಮೋಡ ಕವಿದ ಒಂದು ದಿನ ಸಾಕು ಬೂಷ್ಟಿಗೆ. ಒಣಗಿದೆಯೆಂದು ಹೇಳಲು ಕೈಗೆ ಅಂಟದಿದ್ದರೆ ಸಾಲದು, ಬಗ್ಗಿಸಿದರೆ ಚಟ್ಟೆಂದು ಮುರಿಯಬೇಕು. ಬಿಸಿಲಿನಿಂದ ಎತ್ತಿದ ಕೂಡಲೇ ಡಬ್ಬಿಗೆ ತುಂಬಬೇಡಿ, ಬಿಸಿ ಆರಿದ ಮೇಲೆ ತುಂಬಿ, ಆದರೆ ಸಂಜೆಯ ಗಾಳಿ ತಾಗುವ ಮೊದಲು. ಮೊದಲ ವಾರ ದಿನಾ ಮುಚ್ಚಳದ ಒಳಬದಿ ನೋಡಿ. ಅಲ್ಲಿ ಒಂದು ಹನಿ ಕಂಡರೂ ಎಲ್ಲವನ್ನೂ ಹೊರಗೆ ತೆಗೆದು ಇನ್ನೆರಡು ಬಿಸಿಲು ಕೊಡಬೇಕು. ಮಳೆ ಹಿಡಿದುಬಿಟ್ಟಿದ್ದರೆ ಓವನ್ನಿನಲ್ಲಿ 60 ಡಿಗ್ರಿ ಇಟ್ಟು, ಬಾಗಿಲಿಗೆ ಚಮಚ ಸಿಕ್ಕಿಸಿ ಆವಿ ಹೊರಹೋಗಲು ಬಿಟ್ಟು, ಮುರಿಯುವ ಹದ ಬರುವವರೆಗೆ ಒಣಗಿಸಿ.